ಮುನ್ನೂರು ಡಾಲರ್ ಬೂಟಿನಲ್ಲಿ ಏನಿದೆ?

ಪ್ರಶ್ನೆ: ನನ್ನದು ಸಕಲೇಶಪುರದ ಹತ್ತಿರದ ಊರು. ನಾಲ್ಕು ವರ್ಷದಿಂದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ನಮ್ಮ ಆಫೀಸಿನ ಹಿರಿಯರೊಬ್ಬರು ಹದಿನೆಂಟು ವರ್ಷದಿಂದ ಒಂದೇ ಜೊತೆ ರೆಡ್ ವಿಂಗ್ ಬೂಟು ಹಾಕುತ್ತಿದ್ದಾರೆ. ಅವರ ಮಾತು ಕೇಳಿದ ಮೇಲೆ ನನಗೂ ಹಳೇ ಅಮೆರಿಕನ್ ಕಂಪನಿಗಳ ಬೂಟು, ಜೀನ್ಸು, ಅಂಗಿಗಳ ಹುಚ್ಚು ಹತ್ತಿದೆ. 'ಅಮೆರಿಕದಲ್ಲೇ ತಯಾರಾದದ್ದು' ಎಂಬ ಚೀಟಿ ಇದ್ದರೆ ಬೆಲೆ ಮೂರು ನಾಲ್ಕು ಪಟ್ಟು. ಮುನ್ನೂರು ಡಾಲರ್ ಕೊಟ್ಟು ಬೂಟು ತರುತ್ತೇನೆ ಅಂದರೆ ಹೆಂಡತಿ 'ಅದರಲ್ಲಿ ಅಂಥದ್ದೇನಿದೆ?' ಅನ್ನುತ್ತಾಳೆ. ಇದು ನಿಜವಾದ ಗುಣವೋ, ಹೆಸರಿನ ಮೋಹವೋ? ಏನು ಕೊಳ್ಳಬೇಕು, ಏನು ಬಿಡಬೇಕು? ಎರಡು ವರ್ಷದಲ್ಲಿ ಊರಿಗೆ ಮರಳಿ ತೋಟ ನೋಡಿಕೊಳ್ಳುವ ಯೋಚನೆಯಿದೆ. ಅಲ್ಲಿ ಇವು ಬಳಕೆಗೆ ಬರುತ್ತವೆಯೇ?

ಉತ್ತರ: ನಿಮ್ಮ ಪ್ರಶ್ನೆಗಳಿಗಿಂತ ನಿಮ್ಮ ಮನೆಯವರ ಪ್ರಶ್ನೆ ಚೆನ್ನಾಗಿದೆ, ಅದನ್ನೇ ಹಿಡಿದು ಹೊರಡೋಣ. ಬೂಟಿನಲ್ಲಿ ಏನಿದೆ ಅಂತ ಬಿಚ್ಚಿ ತೋರಿಸಬಹುದು. ಜೀನ್ಸಿನಲ್ಲಿ ಏನಿದೆ ಅಂತ ಅರ್ಧ ತೋರಿಸಬಹುದು. ಟೀ ಶರ್ಟಿನಲ್ಲಿ ಏನೂ ಇಲ್ಲ, ಅದನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ.

ನಾನು ಇಪ್ಪತ್ತಾರು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಕ್ವಾಲಿಟಿ ನೋಡಿಕೊಂಡವನು. ಅಮೆರಿಕದ ಬೈಯರ್‌ಗಳ ಅಂಗಿಗಳನ್ನು ಒಳಮೈ ಹೊರಗೆ ಮಾಡಿ, ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಅಂತ ಎಣಿಸುವುದೇ ಹೊಟ್ಟೆಪಾಡಾಗಿತ್ತು. ಹಾಗಾಗಿ ಈ ಬಟ್ಟೆಗಳ ಬಗ್ಗೆ ನನಗೆ ಪ್ರೀತಿಯೂ ಉಂಟು, ಸ್ವಲ್ಪ ಸಿಟ್ಟೂ ಉಂಟು. ಸಿಟ್ಟು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಬೂಟು. ಸಾಮಾನ್ಯ ಶೂನಲ್ಲಿ ಮೇಲಿನ ಭಾಗವನ್ನು ಅಟ್ಟೆಗೆ ಗೋಂದು ಹಾಕಿ ಒತ್ತಿರುತ್ತಾರೆ. ಅಟ್ಟೆ ಸವೆದರೆ, ಇಲ್ಲವೇ ಗೋಂದು ಬಿಟ್ಟರೆ, ಮೇಲಿನ ಚರ್ಮ ಎಷ್ಟೇ ಗಟ್ಟಿಯಾಗಿದ್ದರೂ ಶೂ ಕಸದ ಬುಟ್ಟಿಗೆ. ಗುಡ್‌ಇಯರ್ ವೆಲ್ಟ್ ಅನ್ನುವ ಪದ್ಧತಿಯಲ್ಲಿ ಹಾಗಲ್ಲ. ಮೇಲಿನ ಚರ್ಮಕ್ಕೂ ಒಳ ಅಟ್ಟೆಗೂ ಸೇರಿಸಿ ಸುತ್ತ ಒಂದು ಚರ್ಮದ ಪಟ್ಟಿ ಹೊಲಿಯುತ್ತಾರೆ, ಅದೇ ವೆಲ್ಟ್. ಹೊರ ಅಟ್ಟೆಯನ್ನು ಹೊಲಿಯುವುದು ಆ ಪಟ್ಟಿಗೆ ಮಾತ್ರ. ಅಟ್ಟೆ ಸವೆದಾಗ ಆ ಒಂದು ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಕೂರಿಸಬಹುದು, ಮೇಲಿನ ಭಾಗಕ್ಕೆ ಕೈ ಹಚ್ಚುವ ಅಗತ್ಯವೇ ಇಲ್ಲ. ಎರಡು ಅಟ್ಟೆಗಳ ನಡುವಿನ ಟೊಳ್ಳಿನಲ್ಲಿ ಬೆಂಡಿನ ಪುಡಿ ತುಂಬಿರುತ್ತಾರೆ. ಕೆಲವು ತಿಂಗಳಲ್ಲಿ ಅದು ನಿಮ್ಮ ಪಾದದ ಅಚ್ಚಿಗೆ ಒತ್ತಿಕೊಂಡು ಕೂರುತ್ತದೆ. ನಿಮ್ಮ ಹಿರಿಯ ಸಹೋದ್ಯೋಗಿಯ ಬೂಟನ್ನು ನೀವು ಹಾಕಿ ನೋಡಿದರೆ ಕಾಲು ನೋಯುತ್ತದೆ, ಯಾಕೆಂದರೆ ಅದು ಈಗ ಅವರ ಪಾದದ ಎರಕ.

ರೆಡ್ ವಿಂಗ್ ಕಂಪನಿ ಶುರುವಾದದ್ದು 1905ರಲ್ಲಿ, ನಿಮ್ಮಿಂದ ಒಂದು ಗಂಟೆ ದಾರಿಯಲ್ಲಿರುವ, ಮಿಸಿಸಿಪಿ ದಂಡೆಯ ರೆಡ್ ವಿಂಗ್ ಊರಲ್ಲೇ. ಚರ್ಮ ಹದ ಮಾಡುವ ಎಸ್.ಬಿ. ಫುಟ್ ಕಾರ್ಖಾನೆಯೂ ಅಲ್ಲಿಯದೇ, ಅದು ಇನ್ನೂ ಹಳೆಯದು, 1872ರದ್ದು. ತೊಗಲು ಒಂದು ಬಾಗಿಲಿಂದ ಒಳಗೆ ಹೋಗಿ ಬೂಟಾಗಿ ಇನ್ನೊಂದು ಬಾಗಿಲಿಂದ ಹೊರಗೆ ಬರುವ ಊರು ಅಂದುಕೊಳ್ಳಿ. ಬಟ್ಟೆಬರೆಯ ಲೋಕದಲ್ಲಿ ಇಂಥ ಜಾಗಗಳು ಈಗ ಬೆರಳೆಣಿಕೆ.

ಆದರೆ 'ಇದರಿಂದ ದುಡ್ಡು ಉಳಿಯುತ್ತದೆ' ಎಂದು ಮನೆಯಲ್ಲಿ ವಾದ ಮಾಡಬೇಡಿ, ಸೋಲುತ್ತೀರಿ. ಲೆಕ್ಕ ಹಾಕೋಣ. ಬೂಟಿಗೆ 330 ಡಾಲರ್, ಹದಿನೈದು ವರ್ಷದಲ್ಲಿ ಎರಡು ಸಲ ಅಟ್ಟೆ ಬದಲಿಸಲು ತಲಾ 130 ಅಂತ ಹಿಡಿದರೆ ಒಟ್ಟು 590. ವರ್ಷಕ್ಕೆ ಹತ್ತಿರ ಹತ್ತಿರ 39 ಡಾಲರ್. ಒಂದೂವರೆ ವರ್ಷ ಬರುವ 60 ಡಾಲರ್ ಶೂ ಕೊಂಡರೆ ವರ್ಷಕ್ಕೆ 40. ಅಲ್ಲಿಗೆ ಸಮ. ಉಳಿತಾಯದ ಮಾತೆಲ್ಲ ಅಂಗಡಿಯವರದು. ವ್ಯತ್ಯಾಸ ಇರುವುದು ಇಷ್ಟೇ: ಅಗ್ಗದ ಶೂ ಕೊಂಡ ದಿನ ಅತ್ಯಂತ ಚೆನ್ನಾಗಿರುತ್ತದೆ, ಅಲ್ಲಿಂದ ಇಳಿಜಾರು. ಈ ಬೂಟು ಕೊಂಡ ದಿನ ಅತ್ಯಂತ ಕೆಟ್ಟದಾಗಿರುತ್ತದೆ, ಮೂರು ವಾರ ಹಿಮ್ಮಡಿ ಕಚ್ಚಿ ಪ್ರಾಣ ಹಿಂಡುತ್ತದೆ, ಐದನೇ ವರ್ಷಕ್ಕೆ ಬಿಟ್ಟಿರಲಾಗದಂತೆ ಆಗುತ್ತದೆ. ಈ ಹುಚ್ಚು ಹತ್ತಿದವರೆಲ್ಲ ಕೊಂಡುಕೊಳ್ಳುತ್ತಿರುವುದು ಈ ಐದನೇ ವರ್ಷವನ್ನು.

ಇನ್ನೊಂದು ಆಕರ್ಷಣೆಯೂ ಇದೆ, ನನ್ನಂಥ ಹೊಲಿಗೆಯವನಿಗೆ ಅದೇ ದೊಡ್ಡದು. ಈ ಬಟ್ಟೆಗಳಲ್ಲಿ ಕಾರಣವಿಲ್ಲದ ವಸ್ತು ಕಡಿಮೆ. ಜೀನ್ಸಿನ ತಾಮ್ರದ ರಿವೆಟ್ಟನ್ನೇ ನೋಡಿ. ನೆವಾಡದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ದರ್ಜಿ, ಲಾಟ್ವಿಯಾದಿಂದ ವಲಸೆ ಬಂದವನು. ಸೌದೆ ಕಡಿಯುವವನ ಹೆಂಡತಿ ಬಂದು, ಗಂಡನಿಗೆ ಹರಿಯದಂಥ ಪ್ಯಾಂಟು ಬೇಕು ಅಂದಳು. ಕುದುರೆ ಕಂಬಳಿಗೆ ಹೊಡೆಯುತ್ತಿದ್ದ ರಿವೆಟ್ಟುಗಳು ಪಕ್ಕದಲ್ಲೇ ಬಿದ್ದಿದ್ದವು, ಜೇಬಿನ ಮೂಲೆಗಳಿಗೆ ಅವನ್ನೇ ಹೊಡೆದು ಕೊಟ್ಟ. ಪ್ಯಾಂಟಿನ ಸುದ್ದಿ ಹರಡಿತು. ಪೇಟೆಂಟ್ ಮಾಡಿಸಲು ಅವನ ಕೈಯಲ್ಲಿ ಕಾಸಿರಲಿಲ್ಲ, ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿಗೆ ಕಾಗದ ಬರೆದ. ಆ ವ್ಯಾಪಾರಿ ಲೀವೈ ಸ್ಟ್ರಾಸ್, ಆತನೂ ಬವೇರಿಯಾದಿಂದ ವಲಸೆ ಬಂದವನೇ. 1873ರ ಮೇ 20ರಂದು ಪೇಟೆಂಟ್ ಬಂತು. ಹಿಂದಿನ ಜೇಬಿನ ರಿವೆಟ್ಟುಗಳು ಕುದುರೆ ಜೀನನ್ನೂ ಮನೆಯ ಕುರ್ಚಿಗಳನ್ನೂ ಗೀರುತ್ತವೆ ಅಂತ ದೂರು ಬಂದಾಗ 1937ರಲ್ಲಿ ಅವನ್ನು ಬಟ್ಟೆಯ ಒಳಗೆ ಮುಚ್ಚಿದರು. ಬಲ ಜೇಬಿನೊಳಗಿನ ಪುಟಾಣಿ ಜೇಬು ಸರಪಳಿ ಗಡಿಯಾರಕ್ಕೆ. ಗಡಿಯಾರ ಹೋಗಿ ನೂರು ವರ್ಷವಾಯಿತು, ಜೇಬು ಹಾಗೇ ಉಳಿದಿದೆ.

ಸಿಯಾಟಲ್‌ನ ಫಿಲ್ಸನ್ ಕಂಪನಿಯದೂ ಅದೇ ಜಾತಿ. 1897ರಲ್ಲಿ ಕೆನಡಾದ ಕ್ಲಾಂಡೈಕ್ ಚಿನ್ನದ ಹುಚ್ಚಿಗೆ ಬಿದ್ದು ಉತ್ತರಕ್ಕೆ ಹೊರಟವರಿಗೆ ಕಂಬಳಿ, ಕೋಟು ಮಾರಿ ಬೆಳೆದದ್ದು ಅದು. 1914ರಲ್ಲಿ ಪೇಟೆಂಟ್ ಪಡೆದ ಅವರ ಕ್ರೂಸರ್ ಕೋಟಿನ ಬೆನ್ನ ಮೇಲೆ ಇಡೀ ಅಗಲಕ್ಕೆ ಒಂದು ಜೇಬಿದೆ. ಕಾಡಿನಲ್ಲಿ ಮರಗಳನ್ನು ಅಂದಾಜು ಮಾಡುತ್ತಾ ಅಲೆಯುವವನು ನಕ್ಷೆಗಳನ್ನು ಮಡಚದೆ ಇಟ್ಟುಕೊಳ್ಳಲಿ ಅಂತ. ಡೆಟ್ರಾಯ್ಟ್‌ನ ಕಾರ್‌ಹಾರ್ಟ್, 1889ರದ್ದು, ಮಂಡಿಗೆ ಎರಡು ಪದರ ಹಾಕಿದ ಪ್ಯಾಂಟುಗಳಲ್ಲಿ ಆ ಪದರದ ಕೆಳತುದಿಯನ್ನು ಹೊಲಿಯದೆ ಬಿಟ್ಟಿತು, ಒಳಗೆ ಸೇರಿದ ಮಣ್ಣು ಉದುರಿಹೋಗಲಿ ಅಂತ. ಇಂಥ ಒಂದು ಬಿಟ್ಟ ಹೊಲಿಗೆ ಕಂಡರೆ ನನಗೆ ಖುಷಿಯಾಗುತ್ತದೆ. ನಮ್ಮ ಕ್ವಾಲಿಟಿ ಟೇಬಲ್ಲಿಗೆ ಅದು ಬಂದಿದ್ದರೆ 'ಓಪನ್ ಸೀಮ್' ಅಂತ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ ಕಳಿಸುತ್ತಿದ್ದೆ!

ಇವರೆಲ್ಲರಲ್ಲಿ ನನಗೆ ಅಚ್ಚುಮೆಚ್ಚು ಮೇನ್ ರಾಜ್ಯದ ಎಲ್.ಎಲ್. ಬೀನ್. ಬೇಟೆಯ ಶೋಕಿಯ ಮನುಷ್ಯ, ಕಾಡಿಗೆ ಹೋದಾಗಲೆಲ್ಲ ಕಾಲು ಒದ್ದೆ. ಕೆಳಗೆ ರಬ್ಬರು, ಮೇಲೆ ಚರ್ಮ ಇರುವ ಬೂಟು ಕಲ್ಪಿಸಿ, 1912ರಲ್ಲಿ ಅಂಚೆ ಮೂಲಕ ನೂರು ಜೊತೆ ಮಾರಿದ. ತೊಂಬತ್ತು ಜೊತೆ ವಾಪಸ್ ಬಂದವು. ಚರ್ಮಕ್ಕೂ ರಬ್ಬರಿಗೂ ಸೇರಿಸಿದ ಹೊಲಿಗೆ ಹರಿದಿತ್ತು. ಅಷ್ಟೂ ಜನಕ್ಕೆ ಹಣ ಹಿಂದಿರುಗಿಸಿ, ಸಾಲ ಮಾಡಿ, ಬೂಟು ಸರಿಪಡಿಸಿ ಮತ್ತೆ ಮಾರಿದ. 'ಯಾವಾಗ ಬೇಕಾದರೂ ವಾಪಸ್ ತನ್ನಿ' ಎಂಬ ಆ ಕಂಪನಿಯ ಹೆಸರುವಾಸಿ ಭರವಸೆಯ ಬೇರು ಆ ತೊಂಬತ್ತು ಜೊತೆಯಲ್ಲಿದೆ. ಭರವಸೆ 2018ರವರೆಗೆ ನಡೆಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಕಾಸಿಗೆ ಕೊಂಡ ಹರಕು ಮಾಲನ್ನೆಲ್ಲ ಜನ ತಂದು ಸುರಿಯತೊಡಗಿದ ಮೇಲೆ ಒಂದು ವರ್ಷದ ಮಿತಿ ಹಾಕಿದರು. ಅವರನ್ನು ತಪ್ಪು ಅನ್ನಲಾರೆ.

ಜೀನ್ಸಿನ ಬಟ್ಟೆಗೆ ಬರೋಣ. ಡೆನಿಮ್‌ನಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಇಂಡಿಗೊ ಎಂಬ ಈ ನೀಲಿ ಬಣ್ಣದ ಸ್ವಭಾವ ಏನೆಂದರೆ ಅದು ನೂಲಿನ ಹೊರಮೈಗೆ ಮಾತ್ರ ಹತ್ತುತ್ತದೆ, ನಡುತಿರುಳು ಬೆಳ್ಳಗೇ ಉಳಿಯುತ್ತದೆ. ಅದಕ್ಕೇ ನೂಲಿನ ಹುರಿಗಳನ್ನು ಅದ್ದಿ ತೆಗೆದು, ಗಾಳಿಗೆ ಹಿಡಿದು, ಮತ್ತೆ ಅದ್ದಿ, ಹೀಗೆ ಹಲವು ಸಲ ಮಾಡುತ್ತಾರೆ. ಪ್ಯಾಂಟು ಹಾಕಿ ಸವೆಸಿದಂತೆ ಮೇಲಿನ ನೀಲಿ ಉದುರಿ ಒಳಗಿನ ಬಿಳಿ ಕಾಣುತ್ತದೆ. ಮಂಡಿ ಹಿಂದಿನ ನೆರಿಗೆ, ಜೇಬಿನಲ್ಲಿ ಪರ್ಸಿನ ಅಂಚು, ಎಲ್ಲ ಅಚ್ಚಾಗುತ್ತವೆ. ಬಣ್ಣ ಬಿಡುವುದನ್ನೇ ಗುಣ ಎಂದು ಕೊಂಡಾಡುವ ಬಟ್ಟೆ ಇದು.

'ಸೆಲ್ವೆಜ್' ಎಂಬ ಪದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ, ಪ್ಯಾಂಟಿನ ಕೆಳತುದಿ ಮಡಚಿದಾಗ ಕಾಣುವ ಕೆಂಪು ಗೆರೆಯ ಅಂಚು. ಪಂಚೆ ಉಡುವ ನಮಗೆ ಇದರಲ್ಲಿ ಹೊಸದೇನಿಲ್ಲ. ಲಾಳಿಯ ಮಗ್ಗದಲ್ಲಿ ನೂಲು ಅತ್ತಿಂದಿತ್ತ ಓಡಾಡುವಾಗ ಅಂಚು ತಾನೇ ಮುಚ್ಚಿಕೊಳ್ಳುತ್ತದೆ, ನಮ್ಮ ದಡಿಯ ಹಾಗೆ. ಲಾಳಿ ಮಗ್ಗದ ಬಟ್ಟೆಯ ಅಗಲ ಮೂವತ್ತು ಇಂಚಿನ ಆಸುಪಾಸು. ಆಧುನಿಕ ಮಗ್ಗ ಅದರ ಎರಡರಷ್ಟು ಅಗಲದ್ದನ್ನು ಹಲವು ಪಟ್ಟು ವೇಗವಾಗಿ ನೇಯ್ದು ಅಂಚನ್ನು ಕತ್ತರಿಸಿ ಬಿಡುತ್ತದೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಸೆಲ್ವೆಜ್ ಇದ್ದ ಮಾತ್ರಕ್ಕೆ ಬಟ್ಟೆ ಹೆಚ್ಚು ಬಾಳಿಕೆ ಬರುವುದಿಲ್ಲ. ಬಾಳಿಕೆ ಇರುವುದು ನೂಲಿನಲ್ಲಿ, ನೇಯ್ಗೆಯ ಬಿಗಿಯಲ್ಲಿ. ಕೆಂಪು ಗೆರೆಗೆ ನೂರು ಡಾಲರ್ ಹೆಚ್ಚು ಕೊಡುವುದು ನಿಮ್ಮ ಇಷ್ಟ, ನಾನು ಕೊಡಲಾರೆ.

ಅಮೆರಿಕದಲ್ಲಿ ಈ ಬಟ್ಟೆ ನೇಯುತ್ತಿದ್ದ ದೊಡ್ಡ ಮನೆ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬೊರೊದಲ್ಲಿದ್ದ ಕೋನ್ ಕಂಪನಿಯ ವೈಟ್ ಓಕ್ ಮಿಲ್ಲು. 1905ರಲ್ಲಿ ಶುರುವಾಗಿ ಲೀವೈಸ್‌ಗೆ ದಶಕಗಳ ಕಾಲ ಬಟ್ಟೆ ಕೊಟ್ಟದ್ದು ಅದೇ. ಅಲ್ಲಿನ ಡ್ರೇಪರ್ ಎಂಬ ಹಳೇ ಲಾಳಿ ಮಗ್ಗಗಳು ನಡೆಯುವಾಗ ಮರದ ನೆಲವೇ ನಡುಗುತ್ತಿತ್ತು, ಆ ನಡುಕದಿಂದಲೇ ಬಟ್ಟೆಗೆ ಸಣ್ಣ ಏರುಪೇರಿನ ಸೊಗಸು ಬರುತ್ತಿತ್ತು ಅಂತ ಅಭಿಮಾನಿಗಳು ಹೇಳುತ್ತಾರೆ. 2017ರ ಡಿಸೆಂಬರ್ 31ಕ್ಕೆ ಮಿಲ್ಲು ಮುಚ್ಚಿತು. ಲೀವೈಸ್ ಅದಕ್ಕೂ ಮೊದಲೇ, 2004ರ ಆರಂಭದೊಳಗೆ, ಅಮೆರಿಕದಲ್ಲಿದ್ದ ತನ್ನ ಕೊನೆಯ ಹೊಲಿಗೆ ಕಾರ್ಖಾನೆಗಳನ್ನೂ ಮುಚ್ಚಿತ್ತು. ಇವತ್ತು ಹಳೇ ಅಮೆರಿಕನ್ ಜೀನ್ಸಿನ ಅತ್ಯಂತ ನಿಷ್ಠ ಪ್ರತಿ ಬೇಕಾದರೆ ಹೋಗಬೇಕಾದದ್ದು ಜಪಾನಿನ ಒಕಾಯಾಮಾಕ್ಕೆ. ಎರಡನೇ ಮಹಾಯುದ್ಧದ ನಂತರ ಬಂದ ಅಮೆರಿಕನ್ ಸೈನಿಕರ ಪ್ಯಾಂಟಿನಿಂದ ಶುರುವಾದ ಮೋಹ ಅದು. ಆಮೇಲೆ ಅಮೆರಿಕದ ಗೋದಾಮುಗಳಲ್ಲಿ ಧೂಳು ಹಿಡಿದಿದ್ದ ಹಳೇ ಮಾಲನ್ನೆಲ್ಲ ಕೊಂಡು, ಹೊಲಿಗೆ ಹೊಲಿಗೆ ಬಿಚ್ಚಿ ಕಲಿತರು. ಅಮೆರಿಕನ್ನರು ತಮ್ಮ ಅಜ್ಜನ ಪ್ಯಾಂಟಿನ ಬೆಲೆ ತಿಳಿದುಕೊಂಡದ್ದು ಬಹುಪಾಲು ಜಪಾನಿಯರಿಂದ.

ಇಷ್ಟು ಹೊತ್ತು ಹೇಳಿದ್ದು ದುಡಿಮೆಯ ಬಟ್ಟೆ. ಇನ್ನೊಂದು ಸಾಲಿದೆ, ಕಾಲೇಜು ಹುಡುಗರ, ವಕೀಲರ, ಬ್ಯಾಂಕಿನವರ ಬಟ್ಟೆ. ಅದರ ಗುರುಮನೆ ನ್ಯೂಯಾರ್ಕ್‌ನ ಬ್ರೂಕ್ಸ್ ಬ್ರದರ್ಸ್, 1818ರದ್ದು. ಲಿಂಕನ್ ಹತ್ಯೆಯಾದ ರಾತ್ರಿ ತೊಟ್ಟಿದ್ದ ಕೋಟೂ ಇವರದೇ. ಸ್ಥಾಪಕರ ಮೊಮ್ಮಗ ಇಂಗ್ಲೆಂಡಿನಲ್ಲಿ ಪೋಲೋ ನೋಡುತ್ತಿದ್ದಾಗ, ಆಟಗಾರರು ಕಾಲರ್ ಮುಖಕ್ಕೆ ಹಾರದಂತೆ ಗುಂಡಿ ಹಾಕಿಕೊಂಡಿದ್ದನ್ನು ಕಂಡು ಬಟನ್ ಡೌನ್ ಕಾಲರ್ ತಂದ ಎನ್ನುತ್ತಾರೆ, 1896ರ ಸುಮಾರಿಗೆ. ಆ ಅಂಗಿಯ ಕಾಲರ್ ಸೊಗಸು ಎಲ್ಲಿದೆ ಗೊತ್ತೇ? ಕಾಲರಿನ ಎಲೆ ಉದ್ದ, ಅಂಗಿಯ ಮೇಲಿನ ಗುಂಡಿ ಕೊಂಚ ಎತ್ತರದಲ್ಲಿ. ಚಪ್ಪಟೆ ಕೂರಲು ಜಾಗ ಸಾಲದೆ ಕಾಲರ್ ಕಮಾನಿನ ಹಾಗೆ ಬಾಗುತ್ತದೆ. ಒಳಗೆ ಗಟ್ಟಿ ಪದರ ಇಲ್ಲ, ಇದ್ದರೆ ಬಾಗುವುದಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಫ್ಯೂಸಿಂಗ್ ಮಾಡುತ್ತೇವೆ, ಅಂದರೆ ಗೋಂದಿನ ಪದರವನ್ನು ಬಿಸಿಗೆ ಒತ್ತಿ ಕಾಲರಿಗೆ ಅಂಟಿಸುವುದು. ಇಸ್ತ್ರಿ ಹಾಕಿದಂತೆ ನೆಟ್ಟಗೆ ನಿಲ್ಲುತ್ತದೆ, ಕೆಲವೊಮ್ಮೆ ಹತ್ತು ಒಗೆತಕ್ಕೆ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಒಂದು ಕಾರ್ಖಾನೆಯಲ್ಲಿ ಫ್ಯೂಸಿಂಗ್ ಬಿಸಿ ಕಡಿಮೆಯಾಗಿ ನಾಲ್ಕು ಸಾವಿರ ಕಾಲರ್ ಗುಳ್ಳೆ ಎದ್ದ ವಾರ ನಾನು ಮನೆಗೆ ಹೋಗಲೇ ಇಲ್ಲ. ಮೆತ್ತಗಿನ ಕಾಲರಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಇನ್ನು ನಮ್ಮ ಕಡೆಯ ಮಾತು ಬರುವುದೇ ಇಲ್ಲಿ. ಈ ಅಚ್ಚ ಅಮೆರಿಕನ್ ಎನ್ನುವ ಬೀರುವನ್ನು ತೆರೆದರೆ ಅರ್ಧ ಬಟ್ಟೆಗಳ ಹೆಸರು ನಮ್ಮ ನೆಲದವು. ಖಾಕಿ ಅಂದರೆ ಧೂಳಿನ ಬಣ್ಣ, ಬ್ರಿಟಿಷ್ ಇಂಡಿಯಾದ ಸೈನ್ಯದಿಂದ ಹೋದದ್ದು. ಡಂಗರಿ ಮುಂಬೈನ ಡೋಂಗ್ರಿಯ ಒರಟು ಬಟ್ಟೆ. ಬಂಡಾನ ನಮ್ಮ ಬಾಂಧನಿ. ಸೀರ್‌ಸಕ್ಕರ್ ಅಂದರೆ ಪಾರ್ಸಿ ಭಾಷೆಯ ಹಾಲು ಸಕ್ಕರೆ, ನಯ ಒಂದು ಪಟ್ಟೆ, ಸುಕ್ಕು ಒಂದು ಪಟ್ಟೆ. ಅದರಲ್ಲಿ ಸೂಟು ಹೊಲಿದು ಹೆಸರು ಮಾಡಿದ್ದು ನ್ಯೂ ಆರ್ಲಿಯನ್ಸ್‌ನ ಹ್ಯಾಸ್ಪೆಲ್. ಎಲ್ಲಕ್ಕಿಂತ ಸ್ವಾರಸ್ಯದ್ದು ಮದ್ರಾಸ್ ಚೌಕಳಿ, ನಮ್ಮ ಅಜ್ಜಂದಿರ ಲುಂಗಿಯ ಬಟ್ಟೆ. ವ್ಯಾಪಾರದಲ್ಲಿ ಹೇಳಿಕೊಂಡು ಬಂದ ಕಥೆ ಹೀಗಿದೆ: 1958ರಲ್ಲಿ ಅಮೆರಿಕದ ಒಬ್ಬ ಆಮದುದಾರ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಅವರಿಂದ ಈ ಬಟ್ಟೆ ಕೊಂಡು ಬ್ರೂಕ್ಸ್ ಬ್ರದರ್ಸ್‌ಗೆ ಮಾರಿದ. ತಣ್ಣೀರಲ್ಲಿ ಮೆಲ್ಲಗೆ ಒಗೆಯಬೇಕು ಎಂದು ನಾಯರ್ ಹೇಳಿದ್ದನ್ನು ಮುಂದಕ್ಕೆ ತಿಳಿಸಲು ಮರೆತ. ಗಿರಾಕಿಗಳು ಮಷಿನ್ನಿಗೆ ಹಾಕಿದರು, ಬಣ್ಣವೆಲ್ಲ ಒಂದಕ್ಕೊಂದು ಹತ್ತಿ ರಾಡಿಯಾಯಿತು, ಗಲಾಟೆಯಾಯಿತು. ಕೊನೆಗೆ ಅದನ್ನೇ ತಿರುಗಿಸಿ 'ಬಣ್ಣ ಬಿಡುವುದು ಗ್ಯಾರಂಟಿ' ಎಂದು ಜಾಹೀರಾತು ಕೊಟ್ಟರು, ಕಾಲೇಜು ಹುಡುಗರು ಮುಗಿಬಿದ್ದು ಕೊಂಡರು. ನಾಯರ್ ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದರು. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ಮುಂದೆ ಹಾದಾಗಲೆಲ್ಲ ನನಗೆ ಬಣ್ಣ ಬಿಟ್ಟ ಲುಂಗಿ ನೆನಪಾಗುತ್ತದೆ.

ಈಗ ಸಿಟ್ಟಿನ ವಿಷಯ. 'ಅಮೆರಿಕದಲ್ಲಿ ಹೊಲಿದರೆ ಗಟ್ಟಿ, ಇಂಡಿಯಾದಲ್ಲಿ ಹೊಲಿದರೆ ಸಾಧಾರಣ' ಎಂಬ ಮಾತು ಈ ಹುಚ್ಚಿನವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಇಂದು ಅಮೆರಿಕದಲ್ಲಿ ಮಾರುವ ಬಟ್ಟೆಯಲ್ಲಿ ಶೇ. 95ಕ್ಕೂ ಹೆಚ್ಚು ಹೊರದೇಶದ್ದು. ಅದರಲ್ಲಿ ಒಂದು ಪಾಲು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಹೆಣ್ಣುಮಕ್ಕಳ ಕೈಯದು. ನಮ್ಮಲ್ಲಿ ಪ್ರತಿ ಅಂಗಿಗೂ ಒಂದು 'ಸ್ಯಾಮ್' ಇರುತ್ತದೆ, ಇಷ್ಟು ನಿಮಿಷದಲ್ಲಿ ಮುಗಿಸಬೇಕು ಅನ್ನುವ ಲೆಕ್ಕ. ಒಂದು ಅಂಗಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಬೈಯರ್ ಇಂಚಿಗೆ ಹನ್ನೊಂದು ಹೊಲಿಗೆಗೆ ದುಡ್ಡು ಕೊಟ್ಟರೆ ಹನ್ನೊಂದು, ಹದಿನೆಂಟಕ್ಕೆ ಕೊಟ್ಟರೆ ಹದಿನೆಂಟು. ಒಂದೇ ಲೈನು, ಅದೇ ಮಷಿನ್ನು, ಅದೇ ಮಹಿಳೆ ಬೆಳಿಗ್ಗೆ ಹನ್ನೊಂದರದ್ದನ್ನೂ ಮಧ್ಯಾಹ್ನ ಹದಿನೆಂಟರದ್ದನ್ನೂ ಹೊಲಿದದ್ದು ನಾನು ಎಣಿಸಿ ನೋಡಿದ್ದೇನೆ. ಕೊರತೆ ಇರುವುದು ಕೈಯಲ್ಲಲ್ಲ, ಕೊಟ್ಟ ನಿಮಿಷಗಳಲ್ಲಿ. ಅಮೆರಿಕದ ಹಳೇ ಬಟ್ಟೆ ಯಾಕೆ ಚೆನ್ನಾಗಿತ್ತೆಂದರೆ ಅದಕ್ಕೆ ನಿಮಿಷ ಕೊಡುತ್ತಿದ್ದರು, ಯೂನಿಯನ್ ಗಟ್ಟಿಯಿತ್ತು, ಒಬ್ಬಳೇ ಇಪ್ಪತ್ತು ವರ್ಷ ಕಾಜ ಮಾಡುತ್ತಾ ಕೂರುವಷ್ಟು ಸಂಬಳವಿತ್ತು.

ಆ ವ್ಯವಸ್ಥೆ ಕರಗಿದ್ದು ನಿಧಾನವಾಗಿ. ಹೊರದೇಶದ ಬಟ್ಟೆ ಇಷ್ಟೇ ಬರಬೇಕು ಅನ್ನುವ ಕೋಟಾ ಪದ್ಧತಿ 2005ರ ಜನವರಿಯಲ್ಲಿ ಮುಗಿದಾಗ ಉಳಿದ ತಡೆಯೂ ಹೋಯಿತು. ಬ್ರೂಕ್ಸ್ ಬ್ರದರ್ಸ್ 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ತನ್ನ ಮೂರು ಅಮೆರಿಕನ್ ಕಾರ್ಖಾನೆಗಳನ್ನೂ ಮುಚ್ಚಿತು. ಅಂಗಿಯದು ನಾರ್ತ್ ಕೆರೊಲಿನಾದ ಗಾರ್ಲೆಂಡ್‌ನಲ್ಲಿತ್ತು, ಕೆಲವೇ ನೂರು ಜನರ ಊರು. ಆ ಊರಿಗೆ ಆ ಕಾರ್ಖಾನೆಯೇ ದೊಡ್ಡ ಅನ್ನದಾತ. ಸುದ್ದಿ ಓದಿದ ದಿನ ನಮ್ಮ ಪಾಲಿಗೆ ಆರ್ಡರ್ ಬರಬಹುದೇ ಅಂತ ಒಂದು ಕ್ಷಣ ಯೋಚಿಸಿದೆ. ಸುಳ್ಳು ಹೇಳಲಾರೆ.

ಹಾಗಾಗಿ ಅಂಗಡಿಗೆ ಹೋದಾಗ ಕಂಪನಿಯ ಹೆಸರು ನೋಡಬೇಡಿ, ಒಳಗಿನ ಚೀಟಿ ಓದಿ. ಅಮೆರಿಕದ ಕಾನೂನಿನ ಪ್ರಕಾರ ಷರತ್ತಿಲ್ಲದೆ 'ಮೇಡ್ ಇನ್ ಯುಎಸ್‌ಎ' ಅಂತ ಹಾಕಬೇಕಾದರೆ ಹೆಚ್ಚೂಕಡಿಮೆ ಎಲ್ಲವೂ ಅಲ್ಲಿಯದೇ ಆಗಿರಬೇಕು. 'ಆಮದು ಬಟ್ಟೆಯಿಂದ' ಎಂದು ಸೇರಿಸಿದ್ದರೆ ಹೊಲಿಗೆ ಮಾತ್ರ ಅಲ್ಲಿಯದು. 'ಅಮೆರಿಕದಲ್ಲಿ ವಿನ್ಯಾಸ' ಎಂದಿದ್ದರೆ ಏನೂ ಹೇಳಿದಂತಾಗಲಿಲ್ಲ. ರೆಡ್ ವಿಂಗ್ ಹೆಸರಿನದೆಲ್ಲ ರೆಡ್ ವಿಂಗ್ ಊರಲ್ಲಿ ಆಗುವುದಿಲ್ಲ, ಹೆರಿಟೇಜ್ ಎಂಬ ಸಾಲು ಅಲ್ಲಿಯದು. ಬೀನ್ ಅವರ ಆ ಬೂಟು ಮತ್ತು ಕ್ಯಾನ್‌ವಾಸ್ ಚೀಲ ಇಂದಿಗೂ ಮೇನ್‌ನಲ್ಲೇ ಆಗುತ್ತವೆ, ಅಂಗಿ ಪ್ಯಾಂಟುಗಳು ಬಹುಪಾಲು ಹೊರಗಿನವು. ಪೆಂಡಲ್‌ಟನ್ ಕಂಪನಿಯ ಉಣ್ಣೆ ಕಂಬಳಿಯನ್ನು ಆರೆಗನ್, ವಾಷಿಂಗ್ಟನ್ ಮಿಲ್ಲುಗಳಲ್ಲಿ ನೇಯುತ್ತಾರೆ, ಉಡುಪುಗಳಲ್ಲಿ ಹಲವು ಹೊರಗೆ ಹೊಲಿದವು. ಹೊರಗೆ ಹೊಲಿದದ್ದು ಕೆಟ್ಟದ್ದು ಅಂತ ನಾನಂತೂ ಹೇಳುವವನಲ್ಲ. ಆದರೆ ಅದಕ್ಕೆ ಅಮೆರಿಕದ ಕೂಲಿಯ ಬೆಲೆ ತೆರಬೇಡಿ.

ನಿಮಗೆ ನನ್ನ ಸಲಹೆ: ಹೊಸದಾಗಿ ಕೊಳ್ಳುವುದು ಬೂಟು ಒಂದೇ. ಮಿಕ್ಕದ್ದೆಲ್ಲ ಹಳೆಯದು, ಗುಡ್‌ವಿಲ್‌ನಂಥ ಹಳೇ ಬಟ್ಟೆಯಂಗಡಿಗಳಲ್ಲಿ. ಮಿನೆಸೋಟದಲ್ಲಿ ಯಾರದೋ ಅಜ್ಜ ಐವತ್ತು ವರ್ಷ ಹಾಕಿದ ಉಣ್ಣೆ ಕೋಟು ಒಂದು ಪಿಜ್ಜಾ ಬೆಲೆಗೆ ತೂಗುಬಿದ್ದಿರುತ್ತದೆ. ಕಾಲ ಗುರುತಿಸಲು ಒಂದೆರಡು ಉಪಾಯ: ಅಮೆರಿಕದಲ್ಲಿ ಒಗೆಯುವ ವಿಧಾನದ ಚೀಟಿ ಕಡ್ಡಾಯವಾದದ್ದು 1972ರಲ್ಲಿ. ಅದು ಇಲ್ಲದಿದ್ದರೆ, ಯಾರೂ ಕತ್ತರಿಸಿಲ್ಲದಿದ್ದರೆ, ಬಟ್ಟೆ ಅದಕ್ಕಿಂತ ಹಳೆಯದಿರಬಹುದು. ಲೀವೈಸ್‌ನ ಕೆಂಪು ಚೀಟಿಯಲ್ಲಿ 'ಇ' ಅಕ್ಷರ ದೊಡ್ಡದಿದ್ದರೆ 1971ಕ್ಕಿಂತ ಹಿಂದಿನದು ಅಥವಾ ಅದರ ಮರುತಯಾರಿ. ಬೆಲೆ ನೋಡಿದ ಕೂಡಲೇ ಯಾವುದು ಅಂತ ಗೊತ್ತಾಗುತ್ತದೆ. ಕಾರ್ಮಿಕ ಸಂಘದವರು ಹೊಲಿದದ್ದು ಅನ್ನುವ ಯೂನಿಯನ್ ಚೀಟಿ ಒಳಜೇಬಿನಲ್ಲಿ ಸಿಕ್ಕರೆ ಬಿಡಬೇಡಿ. ಕಂಕುಳು, ಕಾಲರ್ ಮಡಿಕೆ, ತೊಡೆಯ ನಡುವೆ ಬಟ್ಟೆ ತೆಳುವಾಗಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಹೊಲಿಗೆ ಬಿಟ್ಟಿದ್ದರೆ ಚಿಂತೆಯಿಲ್ಲ, ಬಟ್ಟೆ ಸವೆದಿದ್ದರೆ ಬೇಡ. ಜೀನ್ಸು ಹೊಸದೇ ಬೇಕೆಂದರೆ ಅದು ಸ್ಯಾನ್‌ಫೊರೈಸ್ ಆಗಿದೆಯೇ ಕೇಳಿ, ಕುಗ್ಗದಂತೆ ಮೊದಲೇ ಹದ ಮಾಡುವ ವಿಧಾನ ಅದು. ಆಗಿಲ್ಲದಿದ್ದರೆ ಮೊದಲ ನೀರಿಗೆ ಹತ್ತರಲ್ಲೊಂದು ಪಾಲು ಕುಗ್ಗಬಹುದು. ಆ ವಿಧಾನ ಕಂಡುಹಿಡಿದ ಸ್ಯಾನ್‌ಫರ್ಡ್ ಕ್ಲುವೆಟ್ ಆರೋ ಅಂಗಿಯ ಕಂಪನಿಯವರು. 1993ರಲ್ಲಿ ಅರವಿಂದ್ ಎಂಬ ಬಟ್ಟೆ ಕಂಪನಿಯ ಮೂಲಕ ಇಂಡಿಯಾಕ್ಕೆ ಬಂದು, ಬೆಂಗಳೂರಿನ ಆಫೀಸುಗಳಲ್ಲಿ 'ಸಾಹೇಬರ ಅಂಗಿ' ಅನ್ನಿಸಿಕೊಂಡಿತಲ್ಲ, ಅದೇ ಆರೋ.

ಸಕಲೇಶಪುರದ ವಿಷಯಕ್ಕೆ ಬಂದರೆ, ಉಣ್ಣೆ ಕೋಟು, ಮೇಣ ಸವರಿದ ಬಟ್ಟೆಯ ಜಾಕೆಟ್ ಎರಡನ್ನೂ ಅಲ್ಲಿಯೇ ಮಾರಿ ಬನ್ನಿ. ಮೇಣದ ಬಟ್ಟೆ ಚಳಿಯ ಕಾಡಿಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಮಳೆಯಲ್ಲಿ ಅದು ಬೂಷ್ಟಿನ ಹೊಲವಾಗುತ್ತದೆ. ನನ್ನದೇ ಒಂದು ಜೊತೆ ಬೂಟನ್ನು ಮಡಿಕೇರಿಯ ನೆಂಟರ ಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಒಂದು ಮಳೆಗಾಲ ಮರೆತೆ. ತೆಗೆದಾಗ ಹಸಿರು ತುಪ್ಪಳ ಬೆಳೆದಿತ್ತು. ಚರ್ಮದ್ದನ್ನು ಗಾಳಿಯಾಡುವ ಕಡೆ, ಅಡಿಗೆಮನೆಯ ಬೆಚ್ಚಗಿನ ಗೋಡೆಯ ಆಚೆ ಬದಿ ಇಡಿ, ಒಲೆಯ ಹತ್ತಿರ ಬೇಡ, ಬಿರಿಯುತ್ತದೆ. ಮಳೆಗಾಲದ ತೋಟಕ್ಕೆ ನಮ್ಮ ಗಮ್ ಬೂಟೇ ಸರಿ, ಉಂಬಳಕ್ಕೂ ಅದೇ ಮದ್ದು. ಬೀನ್ ಬೂಟು ತೋಟಕ್ಕೆ ಚೆನ್ನಾಗಿ ಒಗ್ಗುತ್ತದೆ, ಆದರೆ ಅದರ ರಬ್ಬರ್ ತಳ ಬದಲಿಸಲು ಮೇನ್‌ಗೆ ಕಳಿಸಬೇಕು, ಅಂಚೆ ಖರ್ಚಿಗೆ ಇನ್ನೊಂದು ಬೂಟು ಬರುತ್ತದೆ. ವೆಲ್ಟ್ ಇರುವ ಬೂಟಾದರೆ ಕೈಹೊಲಿಗೆ ಬಲ್ಲ ಚಮ್ಮಾರರೊಬ್ಬರು ಸಿಕ್ಕರೆ ಸಾಕು, ಇಲ್ಲೇ ಅಟ್ಟೆ ಕೂರುತ್ತದೆ.

ರೆಡ್ ವಿಂಗ್‌ನಲ್ಲೂ ಬಿಳಿ ಚಪ್ಪಟೆ ಅಟ್ಟೆಯ 875 ಎಂಬ ಮಾದರಿ ಬೇಡ. ನೋಡಲು ಮುದ್ದು, ಒದ್ದೆ ಕೆಮ್ಮಣ್ಣಿನ ಮೇಲೆ ಜಾರುಬಂಡೆ. ಐರನ್ ರೇಂಜರ್ ನೋಡಿ. ನಿಮ್ಮ ರಾಜ್ಯದ ಉತ್ತರದ ಕಬ್ಬಿಣದ ಗಣಿಯವರ ಹೆಸರಿನದು, ಬೆರಳಿನ ಮೇಲೆ ಎರಡು ಪದರ ಚರ್ಮ, ಅಟ್ಟೆಗೆ ಸಣ್ಣ ಹಲ್ಲುಗಳಿವೆ. ಡಿಸೆಂಬರ್‌ನಿಂದ ಮೇವರೆಗೆ, ಕಾಫಿ ಕುಯ್ಲು, ಒಣಗಿಸುವ ಕಣ, ಲೈನ್ ಮನೆ ಓಡಾಟಕ್ಕೆಲ್ಲ ಹೇಳಿಮಾಡಿಸಿದ್ದು. ಈಗಲೇ ಕೊಂಡು ಎರಡು ವರ್ಷ ಹಾಕಿ, ಹೊರಡುವ ಮುಂಚೆ ಒಮ್ಮೆ ಅಟ್ಟೆ ಬದಲಿಸಿಕೊಂಡು ಬನ್ನಿ.

ಆನ್‌ಲೈನ್‌ನಲ್ಲಿ ಮಾತ್ರ ತರಿಸಬೇಡಿ. ಒಂದು ಶನಿವಾರ ಮನೆಯವರನ್ನೂ ಕರೆದುಕೊಂಡು ರೆಡ್ ವಿಂಗ್ ಊರಿಗೇ ಹೋಗಿ. ಅಂಗಡಿಯಲ್ಲಿ 638½ ಅಳತೆಯ ಆಳೆತ್ತರ ಮೀರಿದ ಬೂಟೊಂದು ನಿಲ್ಲಿಸಿದ್ದಾರೆ, ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿದೆ. ಪಾದ ಉಬ್ಬಿರುವ ಸಾಯಂಕಾಲದ ಹೊತ್ತು ಹೋಗಿ, ತೋಟದಲ್ಲಿ ಹಾಕುವಂಥ ದಪ್ಪ ಕಾಲುಚೀಲ ಜೊತೆಗಿರಲಿ. ಲೋಹದ ಅಳತೆ ತಟ್ಟೆಯ ಮೇಲೆ ಎರಡೂ ಪಾದ ಅಳೆಸಿ, ಒಂದು ಪಾದ ದೊಡ್ಡದಿದ್ದೇ ಇರುತ್ತದೆ, ಅದರ ಲೆಕ್ಕ ಹಿಡಿಯಿರಿ. ನಿಮ್ಮ ಸ್ಪೋರ್ಟ್ಸ್ ಶೂಗಿಂತ ಅರ್ಧ ಅಳತೆ ಕಡಿಮೆ ಬಂದರೆ ಗಾಬರಿ ಬೇಡ. ಹಿಮ್ಮಡಿ ಕೊಂಚ ಎದ್ದರೂ ಪರವಾಗಿಲ್ಲ, ಬೆರಳಿನ ಬುಡದ ಅಗಲ ಜಾಗದಲ್ಲಿ ಬಿಗಿದರೆ ಮಾತ್ರ ಬೇಡ ಎಂದು ಎದ್ದು ಬನ್ನಿ.